ಸೆಪ್ಸಿಸ್ ಪತ್ತೆಗೆ ಒಂದು ರಕ್ತಪರೀಕ್ಷೆ ಸಾಕೇ?

ತೀವ್ರ ನಿಗಾ ಘಟಕದಲ್ಲಿರುವ ಒಬ್ಬ ರೋಗಿಯ ಚಾರ್ಟಿನಲ್ಲಿ ಬೆಳಗಿನ ಹೊತ್ತು ಹೀಗೆ ಬರೆದಿದೆ ಎಂದುಕೊಳ್ಳಿ: ಜ್ವರ 38.4 ಡಿಗ್ರಿ ಸೆಲ್ಸಿಯಸ್, ನಾಡಿಮಿಡಿತ ನಿಮಿಷಕ್ಕೆ 112, ಬಿಳಿ ರಕ್ತಕಣ 15,000, ಸಿಆರ್‌ಪಿ 180, ಪ್ರೊಕ್ಯಾಲ್ಸಿಟೋನಿನ್ 3.2 (ಕೊನೆಯ ಎರಡೂ ಉರಿಯೂತದಲ್ಲಿ ರಕ್ತದಲ್ಲಿ ಏರುವ ಪ್ರೋಟೀನುಗಳು). ಮೂರು ದಿನಗಳ ಹಿಂದೆ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾಗಿದೆ. ಉಸಿರಾಟ ವೆಂಟಿಲೇಟರ್ ಮೇಲೆ ನಡೆಯುತ್ತಿದೆ. ವರದಿಯಲ್ಲಿ ಸಾಮಾನ್ಯ ಮಟ್ಟ ಮೀರಿದ ಅಂಕಿಗಳೆಲ್ಲ ದಪ್ಪಕ್ಷರದಲ್ಲಿವೆ, ಅಂದರೆ ಎಲ್ಲವೂ ದಪ್ಪಕ್ಷರದಲ್ಲೇ ಇವೆ. ಈ ರೋಗಿಗೆ ಸೆಪ್ಸಿಸ್ ಆಗಿದೆಯೇ?

ಇಷ್ಟು ಮಾಹಿತಿಯಿಂದ ಯಾರೂ ಹೇಳಲಾರರು. ಅಂಕಿಗಳೇನೂ ಸುಳ್ಳಲ್ಲ, ಯಂತ್ರವೂ ಕೆಟ್ಟಿಲ್ಲ. ಆದರೂ ಉತ್ತರ ಸಿಗುವುದಿಲ್ಲ. ಏಕೆ ಸಿಗುವುದಿಲ್ಲ ಎಂಬುದು ಗೊತ್ತಾದರೆ ಸೆಪ್ಸಿಸ್‌ನ ರಕ್ತಪರೀಕ್ಷೆಗಳ ಕಥೆ ಬಹುಮಟ್ಟಿಗೆ ಗೊತ್ತಾದಂತೆ.

ಸೆಪ್ಸಿಸ್ ಎಂದರೆ ರಕ್ತದಲ್ಲಿ ರೋಗಾಣು ಸೇರಿಕೊಳ್ಳುವುದು ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ವೈದ್ಯಕೀಯ ಇಂದು ಒಪ್ಪುವ ಅರ್ಥ ಅದಲ್ಲ. 2016ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮಿತಿ ಕೊಟ್ಟ ವ್ಯಾಖ್ಯೆಯ ಪ್ರಕಾರ, ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ ಹಿಡಿತ ತಪ್ಪಿ, ಅದರಿಂದ ಅಂಗಾಂಗಗಳು ಪ್ರಾಣಾಪಾಯದ ಮಟ್ಟಕ್ಕೆ ಕೆಡುವುದೇ ಸೆಪ್ಸಿಸ್. ಶ್ವಾಸಕೋಶ, ಪ್ಲೇಟ್‌ಲೆಟ್, ಯಕೃತ್ತು, ರಕ್ತದೊತ್ತಡ, ಪ್ರಜ್ಞೆ, ಮೂತ್ರಪಿಂಡ ಈ ಆರಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಸೋಫಾ ಎಂಬ ಪಟ್ಟಿಯಿದೆ. ಸೋಂಕಿನ ಕಾರಣದಿಂದ ಒಟ್ಟು ಅಂಕ ಎರಡು ಅಥವಾ ಅದಕ್ಕಿಂತ ಹೆಚ್ಚು ಏರಿದರೆ ಅದು ಸೆಪ್ಸಿಸ್. ಜಗತ್ತಿನಾದ್ಯಂತ 2017ರಲ್ಲಿ ಸುಮಾರು 4.9 ಕೋಟಿ ಜನರಿಗೆ ಸೆಪ್ಸಿಸ್ ಆಯಿತು, 1.1 ಕೋಟಿ ಜನ ಸತ್ತರು ಎಂಬುದು ಒಂದು ದೊಡ್ಡ ಅಧ್ಯಯನದ ಅಂದಾಜು. ಆ ವರ್ಷದ ಒಟ್ಟು ಸಾವುಗಳಲ್ಲಿ ಇದು ಹತ್ತಿರಹತ್ತಿರ ಐದನೇ ಒಂದು ಭಾಗ.

ವ್ಯಾಖ್ಯೆಯಲ್ಲಿ ಎರಡು ತುಂಡುಗಳಿರುವುದನ್ನು ಗಮನಿಸಬೇಕು: ಸೋಂಕು ಇರಬೇಕು, ಅದರ ಕಾರಣಕ್ಕೇ ಅಂಗಗಳು ಕೆಟ್ಟಿರಬೇಕು. ಅಂಗ ಕೆಟ್ಟಿರುವುದನ್ನು ಅಳೆಯುವುದು ಕಷ್ಟವಲ್ಲ. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ಯಕೃತ್ತಿನದನ್ನು ಹೇಳುವ ಬಿಲಿರುಬಿನ್, ಶ್ವಾಸಕೋಶದ್ದನ್ನು ಹೇಳುವ ಆಮ್ಲಜನಕದ ಒತ್ತಡ ಎಲ್ಲಕ್ಕೂ ಯಂತ್ರಗಳಿವೆ. ಅದಕ್ಕೆ ಕಾರಣ ಸೋಂಕೇ ಎಂದು ಖಚಿತಪಡಿಸುವುದು ಕಷ್ಟ. ಐಸಿಯುನಲ್ಲಂತೂ ಇದು ಇನ್ನೂ ಕಠಿಣ. ಅಪಘಾತದಲ್ಲಿ ಮೂಳೆ ಮುರಿದವರು, ಸುಟ್ಟಗಾಯದವರು, ಮೇದೋಜೀರಕ ಗ್ರಂಥಿಯ ಉರಿಯೂತದವರು, ಹೃದಯದ ಶಸ್ತ್ರಚಿಕಿತ್ಸೆಯಾದವರು ಎಲ್ಲರೂ ಅಲ್ಲಿರುತ್ತಾರೆ. ಒಂದೇ ಒಂದು ರೋಗಾಣುವಿನ ಸಹಾಯವಿಲ್ಲದೆ ಇವರೆಲ್ಲರ ದೇಹವೂ ಉರಿಯೂತದಿಂದ ಕುದಿಯುತ್ತಿರುತ್ತದೆ.

ಹಳೆಯ ಮಾನದಂಡಗಳು ಎಡವಿದ್ದು ಇಲ್ಲೇ. 1990ರ ದಶಕದ ಆರಂಭದಲ್ಲಿ ನಾಲ್ಕು ಲಕ್ಷಣಗಳ ಒಂದು ಪಟ್ಟಿ ಬಂತು: ದೇಹದ ಉಷ್ಣತೆ 38ಕ್ಕಿಂತ ಹೆಚ್ಚು ಅಥವಾ 36ಕ್ಕಿಂತ ಕಡಿಮೆ, ನಾಡಿಮಿಡಿತ 90 ಮೀರಿರುವುದು, ಉಸಿರಾಟ ನಿಮಿಷಕ್ಕೆ 20 ಮೀರಿರುವುದು, ಬಿಳಿ ರಕ್ತಕಣ 12,000ಕ್ಕಿಂತ ಹೆಚ್ಚು ಅಥವಾ 4,000ಕ್ಕಿಂತ ಕಡಿಮೆ. ಸೋಂಕಿನ ಅನುಮಾನವಿದ್ದು ಇವುಗಳಲ್ಲಿ ಎರಡಿದ್ದರೆ ಸೆಪ್ಸಿಸ್ ಎನ್ನುತ್ತಿದ್ದರು. ಐಸಿಯುನಲ್ಲಿ ಇವುಗಳಲ್ಲಿ ಎರಡಾದರೂ ಇಲ್ಲದ ರೋಗಿಯನ್ನು ಹುಡುಕುವುದೇ ಕಷ್ಟ. ಇನ್ನೊಂದು ಕಡೆಯಿಂದಲೂ ಪಟ್ಟಿ ಸೋತಿತು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ಐಸಿಯುಗಳ ಒಂದು ಲಕ್ಷಕ್ಕೂ ಹೆಚ್ಚು ದಾಖಲೆಗಳನ್ನು ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಸೋಂಕು ಮತ್ತು ಅಂಗವೈಫಲ್ಯ ಎರಡೂ ಇದ್ದ ರೋಗಿಗಳಲ್ಲಿ ಎಂಟಕ್ಕೆ ಒಬ್ಬರು ಈ ಪಟ್ಟಿಯ ಎರಡು ಲಕ್ಷಣಗಳನ್ನೂ ತೋರಿರಲಿಲ್ಲ ಎಂಬುದು ಅದರಿಂದ ತಿಳಿಯಿತು.

ರಕ್ತವನ್ನು ಕಲ್ಚರ್‌ಗೆ ಹಾಕಿ, ಅಂದರೆ ಪ್ರಯೋಗಾಲಯದಲ್ಲಿ ರೋಗಾಣು ಬೆಳೆಯಲು ಬಿಟ್ಟು, ಅದನ್ನೇ ಹಿಡಿಯಬಹುದಲ್ಲ ಎಂಬ ಪ್ರಶ್ನೆ ಸಹಜ. ಹಾಕುತ್ತಾರೆ, ಹಾಕಲೇಬೇಕು. ಯಾವ ಔಷಧಿ ನಾಟುತ್ತದೆ ಎಂದು ಹೇಳುವುದು ಕಲ್ಚರ್ ಮಾತ್ರ. ಆದರೆ ಸೆಪ್ಸಿಸ್ ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗದವರ ರಕ್ತದಲ್ಲಷ್ಟೇ ರೋಗಾಣು ಬೆಳೆಯುತ್ತದೆ. ಸೋಂಕು ಶ್ವಾಸಕೋಶದಲ್ಲೋ ಹೊಟ್ಟೆಯಲ್ಲೋ ಕೂತಿರಬಹುದು, ಮಾದರಿ ತೆಗೆಯುವ ಮೊದಲೇ ಆ್ಯಂಟಿಬಯಾಟಿಕ್ ಹೋಗಿರಬಹುದು. ಬೆಳೆದರೂ ಒಂದೆರಡು ದಿನ ಬೇಕು. ಬೆಳೆದದ್ದು ಚರ್ಮದ ಮೇಲಿನ ನಿರುಪದ್ರವಿ ಜೀವಿಯಾಗಿರುವ ಸಾಧ್ಯತೆಯೂ ಇದೆ.

ಅಷ್ಟು ಕಾಯುವ ಹಾಗಿಲ್ಲ. ಸೆಪ್ಟಿಕ್ ಶಾಕ್ (ಸೆಪ್ಸಿಸ್‌ನಿಂದ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಕುಸಿಯುವುದು) ಆದ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ರಕ್ತದೊತ್ತಡ ಕುಸಿದ ಮೊದಲ ಆರು ಗಂಟೆಗಳಲ್ಲಿ ಸರಿಯಾದ ಔಷಧಿ ತಡವಾದ ಒಂದೊಂದು ಗಂಟೆಗೂ ಬದುಕುಳಿಯುವವರ ಪ್ರಮಾಣ ಸರಾಸರಿ ಶೇ 7.6ರಷ್ಟು ಇಳಿಯುತ್ತಿತ್ತು ಎಂದು ತೋರಿಸಿತು. ಹಾಗಾಗಿ ಅನುಮಾನ ಬಂದೊಡನೆ ಔಷಧಿ ಶುರು. ಇದರ ಬೆಲೆಯೂ ಸಣ್ಣದಲ್ಲ. ನೆದರ್‌ಲೆಂಡ್ಸ್‌ನ ಎರಡು ಐಸಿಯುಗಳಲ್ಲಿ ಸೆಪ್ಸಿಸ್ ಎಂದು ಚಿಕಿತ್ಸೆ ಕೊಟ್ಟ ಎರಡೂವರೆ ಸಾವಿರದಷ್ಟು ರೋಗಿಗಳನ್ನು ಆಮೇಲೆ ಸಾವಧಾನವಾಗಿ ಪರಿಶೀಲಿಸಿದಾಗ, ಶೇ 13 ಮಂದಿಗೆ ಸೋಂಕೇ ಇರಲಿಲ್ಲ. ಇನ್ನೂ ಶೇ 30 ಮಂದಿಗೆ ಸೋಂಕು ‘ಇದ್ದಿರಬಹುದು’ ಎನ್ನುವುದಕ್ಕಿಂತ ಹೆಚ್ಚಿನದನ್ನು ಹೇಳಲು ಆಗಲಿಲ್ಲ. ಎಲ್ಲ ವರದಿಗಳೂ ಕೈಯಲ್ಲಿದ್ದು, ಸಮಯವೂ ಇದ್ದು, ಹಿಂತಿರುಗಿ ನೋಡಿದಾಗಿನ ಮಾತು ಇದು. ರಾತ್ರಿ ಎರಡು ಗಂಟೆಗೆ ಹಾಸಿಗೆಯ ಪಕ್ಕ ನಿಂತ ವೈದ್ಯರ ಸ್ಥಿತಿಯನ್ನು ಊಹಿಸಿಕೊಳ್ಳಬಹುದು.

ಈ ಅನಿಶ್ಚಿತತೆಯನ್ನು ಒಂದು ಅಂಕಿಯಿಂದ ಬಗೆಹರಿಸಬಹುದೆಂಬ ಆಸೆಯೇ ಬಯೋಮಾರ್ಕರ್‌ಗಳ, ಅಂದರೆ ರಕ್ತದಲ್ಲಿ ಅಳೆಯುವ ಸೂಚಕಗಳ, ಹಿಂದಿರುವ ಶಕ್ತಿ.

ಅಂಕಿ ಎಲ್ಲಿಂದ ಬರುತ್ತದೆ

ಬ್ಯಾಕ್ಟೀರಿಯಾದ ಹೊರಪೊರೆಯ ಚೂರು ಬಿಳಿ ರಕ್ತಕಣದ ಗ್ರಾಹಿಗೆ ತಗಲಿದ ಕೆಲವೇ ನಿಮಿಷಗಳಲ್ಲಿ ಆ ಕಣ ಎಚ್ಚರಿಕೆಯ ರಾಸಾಯನಿಕಗಳನ್ನು ಹೊರಬಿಡಲು ತೊಡಗುತ್ತದೆ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಇವುಗಳಲ್ಲಿ ಮುಖ್ಯವಾದವು. ಇಂಟರ್‌ಲ್ಯೂಕಿನ್-6 ಒಂದೆರಡು ಗಂಟೆಯಲ್ಲೇ ರಕ್ತದಲ್ಲಿ ಏರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಅದು ಯಕೃತ್ತಿಗೆ ತಲುಪಿಸುವ ಸಂದೇಶದಿಂದ ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ, ತಯಾರಾಗುತ್ತದೆ. ಇದೇ ಸಂದೇಶಗಳ ಒತ್ತಡಕ್ಕೆ ದೇಹದ ಹಲವು ಅಂಗಾಂಶಗಳು ಪ್ರೊಕ್ಯಾಲ್ಸಿಟೋನಿನ್ ಅನ್ನೂ ಸುರಿಸತೊಡಗುತ್ತವೆ.

ಒಂದು ಮಾತನ್ನು ಇಲ್ಲೇ ಗಟ್ಟಿಯಾಗಿ ಹೇಳಿಬಿಡಬೇಕು. ಇವು ಯಾವುವೂ ರೋಗಾಣುವನ್ನು ಅಳೆಯುವುದಿಲ್ಲ, ದೇಹದ ಪ್ರತಿಕ್ರಿಯೆಯನ್ನು ಅಳೆಯುತ್ತವೆ. ಜಜ್ಜಿಹೋದ ಸ್ನಾಯುವಿನಿಂದ, ಸತ್ತ ಅಂಗಾಂಶದಿಂದ ಹೊರಬೀಳುವ ತುಣುಕುಗಳೂ ಅದೇ ಬಗೆಯ ಗ್ರಾಹಿಗಳನ್ನು ತಟ್ಟುತ್ತವೆ. ಆದ್ದರಿಂದ ಸೋಂಕಿಲ್ಲದ ಪೆಟ್ಟೂ ಸೋಂಕಿನ ಹಾಗೆಯೇ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ.

ಸಿಆರ್‌ಪಿ ಹಳೆಯ ಪರಿಚಯ. ನ್ಯುಮೋನಿಯಾ ರೋಗಿಗಳ ರಕ್ತದ್ರವದಲ್ಲಿ, ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ಸಿ ಎಂಬ ಶರ್ಕರಾಂಶದೊಂದಿಗೆ ಪ್ರತಿಕ್ರಿಯಿಸುವ ವಸ್ತುವೊಂದನ್ನು 1930ರಲ್ಲಿ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಗುರುತಿಸಿದರು. ಆರೋಗ್ಯವಂತರಲ್ಲಿ ಲೀಟರಿಗೆ ಕೆಲವೇ ಮಿಲಿಗ್ರಾಂ ಇರುವ ಇದು ತೀವ್ರ ಉರಿಯೂತದಲ್ಲಿ 500ನ್ನೂ ದಾಟಬಲ್ಲದು. ಏರಿಕೆ ಶುರುವಾಗಲು ಸುಮಾರು ಆರು ಗಂಟೆ, ತುದಿ ಮುಟ್ಟಲು ಎರಡು ದಿನ ಬೇಕು. ಬೆಟ್ಟದಲ್ಲಿ ಮಳೆ ನಿಂತು ಎಷ್ಟೋ ಹೊತ್ತಾದರೂ ಕೆಳಗಿನ ಹೊಳೆ ಏರುತ್ತಲೇ ಇರುತ್ತದಲ್ಲ, ಹಾಗೆ ಸೋಂಕು ಹತೋಟಿಗೆ ಬಂದ ಮೇಲೂ ಒಂದು ದಿನ ಸಿಆರ್‌ಪಿ ಏರಬಹುದು. ಇದರ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿರುವುದು ಅರ್ಧಕ್ಕಿಳಿಯಲು ಬೇಕಾದ ಸಮಯ, ಸುಮಾರು 19 ಗಂಟೆ. ಕಾಯಿಲೆ ಯಾವುದಾದರೂ ಇದು ಬದಲಾಗುವುದಿಲ್ಲ. ಹಾಗಾಗಿ ರಕ್ತದಲ್ಲಿರುವ ಮಟ್ಟ ಯಕೃತ್ತು ಎಷ್ಟು ತಯಾರಿಸುತ್ತಿದೆ ಎಂಬುದರ ನೇರ ಲೆಕ್ಕ. ಯಕೃತ್ತೇ ಸೋತಿದ್ದರೆ ಲೆಕ್ಕವೂ ಕೆಡುತ್ತದೆ: ಭಾರಿ ಸೋಂಕಿದ್ದರೂ ಸಿಆರ್‌ಪಿ ಏರದೆ ಇರಬಹುದು. ಇಂಟರ್‌ಲ್ಯೂಕಿನ್-6ರ ದಾರಿಯನ್ನು ತಡೆಯುವ ಟೋಸಿಲಿಜುಮಾಬ್‌ನಂಥ ಔಷಧಿ ಕೊಟ್ಟ ರೋಗಿಗಳಲ್ಲಿಯೂ ಇದೇ ಕಥೆ. ಕೋವಿಡ್ ಕಾಲದಲ್ಲಿ ಈ ಔಷಧಿ ಪಡೆದವರ ಸಿಆರ್‌ಪಿ ಇಳಿದದ್ದನ್ನು ನೋಡಿ ಹೊಸ ಬ್ಯಾಕ್ಟೀರಿಯಾ ಸೋಂಕಿಲ್ಲ ಎಂದು ತೀರ್ಮಾನಿಸುವಂತಿರಲಿಲ್ಲ. ಸಂದೇಶವಾಹಕನ ಬಾಯಿ ಕಟ್ಟಿಬಿಟ್ಟರೆ ಯಕೃತ್ತಿಗೆ ಸುದ್ದಿ ಮುಟ್ಟುವುದಾದರೂ ಹೇಗೆ?

ಸಣ್ಣ ಎಚ್ಚರಿಕೆಯೊಂದು: ಕೆಲವು ಪ್ರಯೋಗಾಲಯಗಳು ಸಿಆರ್‌ಪಿಯನ್ನು ಲೀಟರಿಗೆ ಮಿಲಿಗ್ರಾಂನಲ್ಲಿ ಕೊಡುತ್ತವೆ, ಕೆಲವು ಡೆಸಿಲೀಟರಿಗೆ. ವ್ಯತ್ಯಾಸ ಹತ್ತು ಪಟ್ಟು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಬಂದ ರೋಗಿಯ ಸಿಆರ್‌ಪಿ 18ರಿಂದ 180ಕ್ಕೆ ‘ಏರಿದೆ’ ಎಂದು ಗಾಬರಿಯಾಗುವ ಮೊದಲು ಅಂಕಿಯ ಪಕ್ಕದ ಸಣ್ಣಕ್ಷರಗಳನ್ನು ಓದಬೇಕು.

ಪ್ರೊಕ್ಯಾಲ್ಸಿಟೋನಿನ್

ಐಸಿಯುಗಳಲ್ಲಿ ಹೆಚ್ಚು ಚರ್ಚೆಯಾಗುವ ಸೂಚಕ ಇದು, ಆದ್ದರಿಂದ ಇದರ ಬಳಿ ತುಸು ಹೆಚ್ಚು ಹೊತ್ತು ನಿಲ್ಲೋಣ. 116 ಅಮೈನೋ ಆಮ್ಲಗಳ ಈ ಪ್ರೋಟೀನು ಕ್ಯಾಲ್ಸಿಟೋನಿನ್ ಹಾರ್ಮೋನಿನ ಕಚ್ಚಾರೂಪ. ಆರೋಗ್ಯವಂತರಲ್ಲಿ ಥೈರಾಯ್ಡ್ ಗ್ರಂಥಿಯ ಸಿ ಕೋಶಗಳು ಇದನ್ನು ತಯಾರಿಸಿ, ಅಲ್ಲೇ ಕತ್ತರಿಸಿ, ಪೂರ್ಣ ಹಾರ್ಮೋನನ್ನಷ್ಟೇ ಹೊರಗೆ ಕಳಿಸುತ್ತವೆ. ಹಾಗಾಗಿ ರಕ್ತದಲ್ಲಿ ಕಚ್ಚಾರೂಪ ಸಿಗುವುದೇ ಅಪರೂಪ: ಮಿಲಿಲೀಟರಿಗೆ 0.05 ನ್ಯಾನೋಗ್ರಾಂಗಿಂತಲೂ ಕಡಿಮೆ. ತೀವ್ರ ಬ್ಯಾಕ್ಟೀರಿಯಾ ಸೋಂಕಾದಾಗ ವಿಚಿತ್ರವೊಂದು ನಡೆಯುತ್ತದೆ. ಯಕೃತ್ತು, ಕೊಬ್ಬಿನ ಅಂಗಾಂಶ ಮುಂತಾಗಿ ಥೈರಾಯ್ಡ್‌ಗೆ ಸಂಬಂಧವೇ ಇಲ್ಲದ ಕಡೆಗಳಲ್ಲಿ ಆ ವಂಶವಾಹಿ ಎಚ್ಚೆತ್ತುಕೊಳ್ಳುತ್ತದೆ. ಆ ಕೋಶಗಳಲ್ಲಿ ಕತ್ತರಿಸುವ ವ್ಯವಸ್ಥೆ ಇಲ್ಲ. ಕಚ್ಚಾರೂಪವೇ ನೇರವಾಗಿ ರಕ್ತಕ್ಕೆ ಬೀಳುತ್ತದೆ, ಮಟ್ಟ ನೂರಾರು ಪಟ್ಟು ಏರುತ್ತದೆ.

ಫ್ರಾನ್ಸ್‌ನ ಸಂಶೋಧಕರು ಸೋಂಕಿನ ಅನುಮಾನದಿಂದ ಆಸ್ಪತ್ರೆ ಸೇರಿದ್ದ 79 ಮಕ್ಕಳಲ್ಲಿ ಇದನ್ನು ಅಳೆದು 1993ರಲ್ಲಿ ಪ್ರಕಟಿಸಿದರು. ತೀವ್ರ ಬ್ಯಾಕ್ಟೀರಿಯಾ ಸೋಂಕಿನ ಮಕ್ಕಳಲ್ಲಿ ಮಟ್ಟ 6ರಿಂದ 53ರವರೆಗೆ ಇತ್ತು. ಸೋಂಕಿಲ್ಲದ ಮಕ್ಕಳಲ್ಲಿ 0.1ನ್ನೂ ಮುಟ್ಟಿರಲಿಲ್ಲ. ವೈರಸ್ ಸೋಂಕಿನಲ್ಲಿ ಏರಿಕೆ ಅಲ್ಪವೇ ಆಗಿತ್ತು. ಮರುವರ್ಷ, ಆರೋಗ್ಯವಂತ ಸ್ವಯಂಸೇವಕರಿಗೆ ಬ್ಯಾಕ್ಟೀರಿಯಾದ ಹೊರಪೊರೆಯ ವಿಷವಾದ ಎಂಡೋಟಾಕ್ಸಿನ್ ಅನ್ನು ಅಲ್ಪ ಪ್ರಮಾಣದಲ್ಲಿ ಚುಚ್ಚಿ ನೋಡಿದಾಗ ನಾಲ್ಕನೇ ಗಂಟೆಗೆ ಪ್ರೊಕ್ಯಾಲ್ಸಿಟೋನಿನ್ ಕಾಣಿಸಿಕೊಂಡಿತು. ಸಿಆರ್‌ಪಿಗಿಂತ ಬೇಗ ಏರುತ್ತದೆ, ವೈರಸ್‌ಗೆ ಅಷ್ಟಾಗಿ ಏರುವುದಿಲ್ಲ, ಮಟ್ಟಗಳ ನಡುವಿನ ಅಂತರ ದೊಡ್ಡದು. ಇನ್ನೇನು ಬೇಕು ಎಂದು ಅನೇಕರಿಗೆ ಅನ್ನಿಸಿದ್ದು ಸಹಜವೇ. ವೈರಸ್‌ಗೆ ಏರದಿರಲು ಕಾರಣವೂ ಸಿಕ್ಕಿತು: ವೈರಸ್ ವಿರುದ್ಧ ದೇಹ ಹೊರಡಿಸುವ ಇಂಟರ್‌ಫೆರಾನ್-ಗಾಮಾ ಇದರ ಉತ್ಪಾದನೆಯನ್ನು ಹತ್ತಿಕ್ಕುತ್ತದೆ.

ಐಸಿಯುಗೆ ಬಂದಾಗ ಚಿತ್ರ ಮಸುಕಾಯಿತು. ದೊಡ್ಡ ಶಸ್ತ್ರಚಿಕಿತ್ಸೆ, ಭಾರಿ ಗಾಯ, ಸುಟ್ಟಗಾಯ, ಹೃದಯ ಸೋತು ಬಂದ ಶಾಕ್, ತೀವ್ರ ಮೂತ್ರಪಿಂಡ ವೈಫಲ್ಯ ಇವೆಲ್ಲವೂ ಸೋಂಕಿಲ್ಲದೆಯೇ ಪ್ರೊಕ್ಯಾಲ್ಸಿಟೋನಿನ್ ಏರಿಸುತ್ತವೆ. ಥೈರಾಯ್ಡ್‌ನ ಮೆಡುಲರಿ ಕ್ಯಾನ್ಸರಿನಲ್ಲೂ ಏರುತ್ತದೆ. ಇದಕ್ಕೆ ವಿರುದ್ಧವಾಗಿ, ಒಂದೆಡೆ ಗೂಡುಕಟ್ಟಿ ಕೂತ ಕೀವು, ಶಿಲೀಂಧ್ರ ಸೋಂಕು, ಸೋಂಕಿನ ಮೊದಲ ಕೆಲವು ಗಂಟೆಗಳು ಇವುಗಳಲ್ಲಿ ಮಟ್ಟ ತಗ್ಗಿನಲ್ಲೇ ಇರಬಹುದು.

ಈಗ ಆ 3.2ಕ್ಕೆ ಬರೋಣ. ಪ್ರೊಕ್ಯಾಲ್ಸಿಟೋನಿನ್‌ನ ಅರ್ಧಾಯುಷ್ಯ ಸುಮಾರು 24 ಗಂಟೆ. ಅಂದರೆ ಉತ್ಪಾದನೆ ಪೂರ್ತಿ ನಿಂತರೆ ಮಟ್ಟ ದಿನಕ್ಕೆ ಅರ್ಧದಷ್ಟು ಇಳಿಯಬೇಕು. ನಮ್ಮ ರೋಗಿಯ ಹಿಂದಿನ ವರದಿಗಳಲ್ಲಿ ಶಸ್ತ್ರಚಿಕಿತ್ಸೆಯ ಮರುದಿನ 12, ಅದರ ಮರುದಿನ 6.1, ಇಂದು 3.2 ಎಂದಿದ್ದರೆ ಕತ್ತರಿಯ ಪೆಟ್ಟಿಗೆ ಎದ್ದ ಅಲೆ ತನ್ನ ಪಾಡಿಗೆ ಇಳಿಯುತ್ತಿದೆ ಎಂದು ಓದಬಹುದು. ಹಿಂದಿನ ವರದಿಗಳು 1.1 ಮತ್ತು 0.9 ಆಗಿದ್ದು ಇಂದು 3.2 ಆಗಿದ್ದರೆ ಕಥೆಯೇ ಬೇರೆ. ಕರುಳಿನ ಹೊಲಿಗೆ ಸೋರುತ್ತಿದೆಯೇ, ಶ್ವಾಸಕೋಶದಲ್ಲಿ ಹೊಸ ಸೋಂಕು ಶುರುವಾಗಿದೆಯೇ ಎಂದು ಕೂಡಲೇ ಹುಡುಕಲು ಹೊರಡಬೇಕು. ಎರಡೂ ಕಡೆ ಇಂದಿನ ಅಂಕಿ ಒಂದೇ. ನನ್ನ ಮಟ್ಟಿಗೆ, ಐಸಿಯುನಲ್ಲಿ ಒಂಟಿ ಅಂಕಿಯೊಂದನ್ನು ಹಿಡಿದು ವಾದಿಸುವುದಕ್ಕಿಂತ ಆ ಪರೀಕ್ಷೆಯನ್ನು ಮಾಡಿಸದೇ ಇರುವುದು ಮೇಲು.

ಕೋಶಗಳು ಸಕ್ಕರೆಯನ್ನು ಒಡೆದಾಗ ಹುಟ್ಟುವ ಲ್ಯಾಕ್ಟೇಟ್ ಬಗ್ಗೆ ಚಿಕ್ಕದಾಗಿ. ಇದು ಸೆಪ್ಸಿಸ್ ಸೂಚಕವಲ್ಲ, ಕಾಯಿಲೆಯ ತೀವ್ರತೆಯ ಸೂಚಕ. ಸಾಕಷ್ಟು ದ್ರವ ಕೊಟ್ಟ ಮೇಲೂ ರಕ್ತದೊತ್ತಡ ಕುಸಿಯದಂತೆ ಹಿಡಿದಿಡಲು ಔಷಧಿ ಬೇಕಾಗಿ, ಲ್ಯಾಕ್ಟೇಟ್ ಲೀಟರಿಗೆ 2 ಮಿಲಿಮೋಲ್ ಮೀರಿದ್ದರೆ ಅದು ಸೆಪ್ಟಿಕ್ ಶಾಕ್. ಅಂಥವರಲ್ಲಿ ಆಸ್ಪತ್ರೆಯಲ್ಲೇ ಸಾಯುವವರು ಶೇ 40ಕ್ಕೂ ಹೆಚ್ಚು. ಅಂಗಾಂಶಕ್ಕೆ ಆಮ್ಲಜನಕ ಸಾಲದಿರುವುದೊಂದೇ ಇದರ ಕಾರಣವೆಂದು ಬಹುಕಾಲ ನಂಬಿದ್ದರು. ಅಡ್ರಿನಲಿನ್ ಉಕ್ಕಿದಾಗ ಆಮ್ಲಜನಕ ಸಾಕಷ್ಟಿದ್ದರೂ ಸ್ನಾಯುಗಳು ಲ್ಯಾಕ್ಟೇಟ್ ಸುರಿಸುತ್ತವೆ, ಯಕೃತ್ತು ಸೋತರೆ ಅದು ರಕ್ತದಲ್ಲೇ ಉಳಿಯುತ್ತದೆ. ಫಿಟ್ಸ್ ಬಂದು ಹೋದವರಲ್ಲೂ ಸ್ವಲ್ಪ ಹೊತ್ತು ಏರಿರುತ್ತದೆ. ಅಪಾಯ ಇದೆ ಎಂದು ಹೇಳುವುದರಲ್ಲಿ ಲ್ಯಾಕ್ಟೇಟ್ ಗಟ್ಟಿಗ, ಅಪಾಯ ಯಾವುದೆಂದು ಹೇಳುವುದರಲ್ಲಿ ಮೂಗ.

ಒಂದು ಲೆಕ್ಕ

ಒಳ್ಳೆಯ ಪರೀಕ್ಷೆಯೂ ಐಸಿಯುನಲ್ಲಿ ಏಕೆ ಕೈಕೊಡುತ್ತದೆ ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿಯೇ ನೋಡಬಹುದು. ಮೂವತ್ತು ಅಧ್ಯಯನಗಳ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಸೆಪ್ಸಿಸ್ ಇದ್ದ 100 ಜನರಲ್ಲಿ 77 ಜನರನ್ನು ಪ್ರೊಕ್ಯಾಲ್ಸಿಟೋನಿನ್ ಹಿಡಿಯುತ್ತದೆ. ಸೋಂಕಿಲ್ಲದೆ ಉರಿಯೂತವಷ್ಟೇ ಇದ್ದ 100 ಜನರಲ್ಲಿ 79 ಜನರಿಗೆ ಸೆಪ್ಸಿಸ್ ಇಲ್ಲ ಎಂದು ಸರಿಯಾಗಿ ಹೇಳುತ್ತದೆ. ಕೇಳಲು ಚೆನ್ನಾಗಿಯೇ ಇದೆ.

ಗಂಭೀರ ಅನುಮಾನವಿರುವ 200 ರೋಗಿಗಳನ್ನು ತೆಗೆದುಕೊಳ್ಳಿ, ಅರ್ಧದಷ್ಟು ಜನರಿಗೆ ನಿಜಕ್ಕೂ ಸೆಪ್ಸಿಸ್ ಇದೆ ಎಂದಿಟ್ಟುಕೊಳ್ಳಿ. ಇರುವ 100ರಲ್ಲಿ 77 ಪಾಸಿಟಿವ್, 23 ನೆಗೆಟಿವ್. ಇಲ್ಲದ 100ರಲ್ಲಿ 21 ಪಾಸಿಟಿವ್, 79 ನೆಗೆಟಿವ್. ಒಟ್ಟು ನೆಗೆಟಿವ್ ಬಂದವರು 102. ಅವರಲ್ಲಿ 23 ಜನರಿಗೆ ಸೆಪ್ಸಿಸ್ ಇದೆ. ಅಂದರೆ ‘ಇಲ್ಲ’ ಎಂಬ ಉತ್ತರ ಬಂದ ಪ್ರತಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇದೆ. ಗಂಟೆ ಗಂಟೆಗೂ ಪ್ರಾಣ ಜಾರುವ ಕಾಯಿಲೆಯಲ್ಲಿ ಈ ‘ಇಲ್ಲ’ವನ್ನು ನಂಬಿ ಔಷಧಿ ತಡೆಹಿಡಿಯುವ ವೈದ್ಯರು ಯಾರು?

ಇದೇ ಪರೀಕ್ಷೆಯನ್ನು ಅಪಾಯ ಕಡಿಮೆಯಿರುವ 1,000 ಜನರಿಗೆ ಮಾಡಿಸಿ, ಅವರಲ್ಲಿ 100 ಜನರಿಗಷ್ಟೇ ಸೆಪ್ಸಿಸ್ ಇದೆ ಎನ್ನಿ. ನೆಗೆಟಿವ್ ಬಂದ 734 ಜನರಲ್ಲಿ 711 ಮಂದಿಗೆ ನಿಜಕ್ಕೂ ಕಾಯಿಲೆ ಇಲ್ಲ, ಶೇ 97ರಷ್ಟು ನಂಬಿಕೆ. ಆದರೆ ಪಾಸಿಟಿವ್ ಬಂದ 266 ಜನರಲ್ಲಿ 189 ಸುಳ್ಳು ಎಚ್ಚರಿಕೆಗಳು. ಪರೀಕ್ಷೆ ಬದಲಾಗಿಲ್ಲ, ಪ್ರಯೋಗಾಲಯ ಬದಲಾಗಿಲ್ಲ. ಯಾರಿಗೆ ಮಾಡಿಸಿದೆವು ಎಂಬುದು ಬದಲಾಯಿತು, ಉತ್ತರದ ಅರ್ಥ ತಲೆಕೆಳಗಾಯಿತು. ಸಾಲದ್ದಕ್ಕೆ, ಯಾವ ಮಟ್ಟಕ್ಕೆ ಗೆರೆ ಎಳೆಯಬೇಕು ಎಂಬುದೇ ಅಧ್ಯಯನದಿಂದ ಅಧ್ಯಯನಕ್ಕೆ ಬೇರೆ. ಗೆರೆ ಕೆಳಗಿಳಿಸಿದರೆ ಸುಳ್ಳು ಎಚ್ಚರಿಕೆ ಹೆಚ್ಚುತ್ತದೆ, ಮೇಲೇರಿಸಿದರೆ ರೋಗಿಗಳು ತಪ್ಪಿಹೋಗುತ್ತಾರೆ.

ಅಂಕಿ ಏರುತ್ತಿದ್ದಂತೆಯೇ ಔಷಧಿಯ ಬಲ ಹೆಚ್ಚಿಸಿದರೆ ಏನಾಗುತ್ತದೆ ಎಂದೂ ನೋಡಿದ್ದಾರೆ. ಡೆನ್ಮಾರ್ಕಿನ ಒಂಬತ್ತು ಐಸಿಯುಗಳ 1,200 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪಾಸ್ ಎಂಬ ಪ್ರಯೋಗದಲ್ಲಿ, ಪ್ರತಿದಿನ ಪ್ರೊಕ್ಯಾಲ್ಸಿಟೋನಿನ್ ಅಳೆದು, ಅದು 1 ಮೀರಿದ್ದು ನಿರೀಕ್ಷೆಯಂತೆ ಇಳಿಯದಿದ್ದರೆ ಆ್ಯಂಟಿಬಯಾಟಿಕ್ ವ್ಯಾಪ್ತಿ ಹಿಗ್ಗಿಸಿದರು, ಸೋಂಕಿನ ಮೂಲ ಹುಡುಕಲು ಇನ್ನಷ್ಟು ತಪಾಸಣೆ ಮಾಡಿಸಿದರು. ಸಾವಿನ ಪ್ರಮಾಣ ಎರಡೂ ಗುಂಪುಗಳಲ್ಲಿ ಶೇ 32ರ ಆಸುಪಾಸಿನಲ್ಲೇ ಉಳಿಯಿತು. ಅಂಕಿಯ ಹಿಂದೆ ಹೋದ ಗುಂಪಿನವರು ಐಸಿಯುನಲ್ಲಿ ಹೆಚ್ಚು ದಿನ ಇದ್ದರು, ವೆಂಟಿಲೇಟರ್ ಮೇಲೂ ಹೆಚ್ಚು ದಿನ ಇದ್ದರು, ಮೂತ್ರಪಿಂಡಗಳಿಗೂ ಹಾನಿಯಾಯಿತು. ಸೂಚಕ ಏರಿದೆ ಎಂಬ ಒಂದೇ ಕಾರಣಕ್ಕೆ ಔಷಧಿ ಸುರಿಯುವುದಕ್ಕೆ ತೆರಬೇಕಾದ ದಂಡ ಇದು.

ನಿಲ್ಲಿಸುವ ಪ್ರಶ್ನೆ

ಪ್ರೊಕ್ಯಾಲ್ಸಿಟೋನಿನ್ ತನ್ನ ಯೋಗ್ಯತೆ ತೋರಿಸಿದ್ದು ಇನ್ನೊಂದು ಪ್ರಶ್ನೆಗೆ: ಶುರುಮಾಡಿದ ಔಷಧಿಯನ್ನು ಯಾವಾಗ ನಿಲ್ಲಿಸಬಹುದು? ಇಲ್ಲಿ ಎರಡು ಅನುಕೂಲಗಳಿವೆ. ರೋಗಿಯನ್ನು ಬೇರೆಯವರೊಂದಿಗೆ ಹೋಲಿಸಬೇಕಿಲ್ಲ, ಅವನದೇ ನಿನ್ನೆಯ ಅಂಕಿಯೊಂದಿಗೆ ಹೋಲಿಸಿದರೆ ಸಾಕು. ಮತ್ತೆ, ತೀರ್ಮಾನ ತಪ್ಪಿದರೆ ಔಷಧಿಯನ್ನು ಪುನಃ ಶುರುಮಾಡಲು ಅವಕಾಶವಿದೆ. ಮೊದಲ ಗಂಟೆಯಲ್ಲಿ ಆ ಅವಕಾಶ ಇರುವುದಿಲ್ಲ.

ಫ್ರಾನ್ಸ್‌ನ ಐಸಿಯುಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರೊರಾಟಾ ಪ್ರಯೋಗದಲ್ಲಿ, ಈ ಸೂಚಕದ ಸಲಹೆ ಪಡೆದ ಗುಂಪಿಗೆ ಆ್ಯಂಟಿಬಯಾಟಿಕ್ ಇಲ್ಲದ ದಿನಗಳು ಸರಾಸರಿ 2.7ರಷ್ಟು ಹೆಚ್ಚು ಸಿಕ್ಕವು. ನೆದರ್‌ಲೆಂಡ್ಸ್‌ನ 15 ಆಸ್ಪತ್ರೆಗಳಲ್ಲಿ 1,500ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಸ್ಯಾಪ್ಸ್ ಪ್ರಯೋಗ 2016ರಲ್ಲಿ ಇದನ್ನು ಗಟ್ಟಿಗೊಳಿಸಿತು. ನಿಯಮ ಸರಳವಾಗಿತ್ತು: ಮಟ್ಟ ತನ್ನ ತುದಿಯಿಂದ ಶೇ 80ರಷ್ಟು ಇಳಿದರೆ ಅಥವಾ 0.5ಕ್ಕೆ ಬಂದರೆ ನಿಲ್ಲಿಸಲು ಸಲಹೆ ಕೊಡಬೇಕು. ಔಷಧಿಯ ಅವಧಿಯ ಮಧ್ಯಾಂಕ ಏಳು ದಿನಗಳಿಂದ ಐದಕ್ಕೆ ಇಳಿಯಿತು. 28 ದಿನಗಳೊಳಗಿನ ಸಾವು ಹೆಚ್ಚಬಹುದೆಂಬ ಭಯವಿತ್ತು. ಆದದ್ದು ತದ್ವಿರುದ್ಧ: ಸಲಹೆ ಪಡೆದ ಗುಂಪಿನಲ್ಲಿ ಶೇ 19.6, ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇ 25. ಸಲಹೆ ಬಂದರೂ ವೈದ್ಯರು ಅನೇಕ ಸಲ ಔಷಧಿ ಮುಂದುವರಿಸಿದರು ಎಂಬುದನ್ನೂ ಹೇಳಬೇಕು. ಅಂಕಿ ಬೇಡವೆಂದರೂ ಮನಸ್ಸು ಒಪ್ಪುವುದಿಲ್ಲ, ಅದು ಅರ್ಥವಾಗುವಂಥದ್ದೇ.

ಶೇ 80ರ ಇಳಿಕೆ ಎಂದರೆ ಎಷ್ಟು ಕಾಲ? ತುದಿಯ ಮಟ್ಟ 24 ಇದ್ದರೆ ಅದು 4.8ಕ್ಕೆ ಬರಬೇಕು. ದಿನಕ್ಕೆ ಅರ್ಧದಂತೆ ಇಳಿದರೂ 12, 6, ಆಮೇಲೆ 4.8, ಅಂದರೆ ಕಡಿಮೆಯೆಂದರೂ ಸುಮಾರು 56 ಗಂಟೆ. ಸೋಂಕಿನ ಮೂಲ ಇನ್ನೂ ಸ್ವಲ್ಪ ಉಸಿರಾಡುತ್ತಿದ್ದರೆ ಅದಕ್ಕಿಂತ ಹೆಚ್ಚು. ಮಟ್ಟ ಇನ್ನೂ 4.8ರಲ್ಲಿದೆ, ಸಾಮಾನ್ಯ ಮಿತಿಯ ಎಷ್ಟೋ ಪಟ್ಟು ಹೆಚ್ಚು, ವರದಿಯಲ್ಲಿ ದಪ್ಪಕ್ಷರದಲ್ಲೇ ಇದೆ. ಆದರೂ ನಿಲ್ಲಿಸುವ ಮಾತಾಡಬಹುದು. ಹೃದಯದ ಕವಾಟದ ಸೋಂಕು, ಮೂಳೆಯ ಸೋಂಕು ಮುಂತಾಗಿ ವಾರಗಟ್ಟಲೆ ಔಷಧಿ ಬೇಕೇಬೇಕಾದ ಕಡೆ ಈ ನಿಯಮ ನಡೆಯುವುದಿಲ್ಲ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರನ್ನೂ ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಹೊರಗಿಟ್ಟಿದ್ದರು.

ಸೆಪ್ಸಿಸ್ ಚಿಕಿತ್ಸೆಯ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೇ ಇಬ್ಬಗೆಯನ್ನು ಒಪ್ಪಿಕೊಂಡಿದೆ: ಔಷಧಿ ಶುರುಮಾಡಬೇಕೇ ಎಂದು ನಿರ್ಧರಿಸಲು ಪ್ರೊಕ್ಯಾಲ್ಸಿಟೋನಿನ್ ಬಳಸಬೇಡಿ, ರೋಗಿಯನ್ನು ನೋಡಿ ತೀರ್ಮಾನಿಸಿ. ಎಷ್ಟು ದಿನ ಕೊಡಬೇಕೆಂಬುದು ಸ್ಪಷ್ಟವಿಲ್ಲದಾಗ, ನಿಲ್ಲಿಸಲು ರೋಗಿಯ ಸ್ಥಿತಿಯ ಜೊತೆಗೆ ಇದನ್ನೂ ನೋಡಬಹುದು. ಎರಡೂ ದುರ್ಬಲ ಶಿಫಾರಸುಗಳೇ.

ಸಾಲಿನಲ್ಲಿ ನಿಂತವು

ಸೆಪ್ಸಿಸ್‌ಗಾಗಿ ಅಧ್ಯಯನಕ್ಕೊಳಗಾದ ಸೂಚಕಗಳನ್ನು 2010ರಲ್ಲಿ ಎಣಿಸಿದಾಗ 178 ಸಿಕ್ಕವು. ಹತ್ತು ವರ್ಷ ಬಿಟ್ಟು ಅದೇ ಸಂಶೋಧಕರ ತಂಡ ಮತ್ತೆ ಎಣಿಸಿತು: 258. ದಿನನಿತ್ಯದ ಬಳಕೆಗೆ ಬಂದವನ್ನು ಎಣಿಸಲು ಎರಡು ಕೈಯ ಬೆರಳುಗಳು ಬೇಕಾಗುವುದಿಲ್ಲ. ಜಪಾನಿನಲ್ಲಿ ಕಂಡುಹಿಡಿದ ಪ್ರೆಸೆಪ್ಸಿನ್ ಬೇಗ ಏರುತ್ತದೆ, ಆದರೆ ಮೂತ್ರಪಿಂಡ ಸೋತಾಗಲೂ ಏರುತ್ತದೆ. ಐಸಿಯುನಲ್ಲಿ ಮೂತ್ರಪಿಂಡ ಸೋಲುವುದು ತೀರಾ ಸಾಮಾನ್ಯ. ಮೋನೋಸೈಟ್ ಎಂಬ ಬಿಳಿ ರಕ್ತಕಣಗಳ ಗಾತ್ರದ ಏರುಪೇರನ್ನು ಅಳೆಯುವ ವಿಧಾನ ಸಾಮಾನ್ಯ ರಕ್ತಕಣ ಎಣಿಕೆಯ ಯಂತ್ರದಲ್ಲೇ, ಬೇರೆ ಮಾದರಿಯಿಲ್ಲದೆ ಸಿಗುತ್ತದೆ. ಇದಕ್ಕೆ ಅಮೆರಿಕದ ಔಷಧಿ ನಿಯಂತ್ರಕ ಸಂಸ್ಥೆ ಎಫ್‌ಡಿಎ 2019ರಲ್ಲಿ ಅನುಮತಿ ಕೊಟ್ಟದ್ದು ತುರ್ತು ವಿಭಾಗದ ರೋಗಿಗಳಿಗಾಗಿ.

ಒಂದು ಪ್ರೋಟೀನನ್ನು ನೆಚ್ಚುವ ಬದಲು ಬಿಳಿ ರಕ್ತಕಣಗಳಲ್ಲಿ ಯಾವ ವಂಶವಾಹಿಗಳು ಕೆಲಸ ಮಾಡುತ್ತಿವೆ ಎಂದು ಓದುವ ದಾರಿ ನನಗೆ ಹೆಚ್ಚು ಭರವಸೆಯದಾಗಿ ಕಾಣುತ್ತದೆ. ಸೆಪ್ಟಿಸೈಟ್ ಎಂಬ ಪರೀಕ್ಷೆಗೆ 2017ರಲ್ಲಿ ಎಫ್‌ಡಿಎ ಅನುಮತಿ ಸಿಕ್ಕಿತು. ಅದು ನಾಲ್ಕು ವಂಶವಾಹಿಗಳ ಆರ್‌ಎನ್‌ಎ, ಅಂದರೆ ಅವು ಕೆಲಸ ಮಾಡುವಾಗ ಹೊರಡಿಸುವ ನಕಲುಪ್ರತಿ, ಅಳೆಯುತ್ತಿತ್ತು. ಆಮೇಲಿನ ವೇಗದ ಆವೃತ್ತಿ ಎರಡನ್ನೇ ಅಳೆದು ಸುಮಾರು ಒಂದು ಗಂಟೆಯಲ್ಲಿ ಅಂಕ ಕೊಡುತ್ತದೆ. ಇದು ‘ಹೌದು’ ಅಥವಾ ‘ಇಲ್ಲ’ ಎನ್ನುವುದಿಲ್ಲ, ಸೋಂಕಿಲ್ಲದ ಉರಿಯೂತಕ್ಕೆ ಹೋಲಿಸಿದರೆ ಸೆಪ್ಸಿಸ್‌ನ ಸಂಭವ ಎಷ್ಟು ಎಂದು ನಾಲ್ಕು ಹಂತಗಳಲ್ಲಿ ಒಂದಕ್ಕೆ ಸೇರಿಸುತ್ತದೆ. ಇದು ಪ್ರಾಮಾಣಿಕವಾದ ಉತ್ತರ. 2025ರ ಜನವರಿಯಲ್ಲಿ ಅನುಮತಿ ಪಡೆದ ಟ್ರೈವೆರಿಟಿ 29 ಆರ್‌ಎನ್‌ಎಗಳನ್ನು ಅಳೆದು ಬ್ಯಾಕ್ಟೀರಿಯಾ, ವೈರಸ್, ಕಾಯಿಲೆಯ ತೀವ್ರತೆ ಮೂರಕ್ಕೂ ಬೇರೆಬೇರೆ ಅಂಕ ಕೊಡುತ್ತದೆ. ಇದೂ ಮುಖ್ಯವಾಗಿ ತುರ್ತು ವಿಭಾಗದ ಪರೀಕ್ಷೆ.

ಇವೆಲ್ಲವನ್ನೂ ಕಾಡುವ ತೊಡಕೊಂದಿದೆ. ಹೊಸ ಪರೀಕ್ಷೆ ಸರಿಯಾಗಿ ಹೇಳಿತೇ ಎಂದು ತಿಳಿಯಲು ಸರಿಯುತ್ತರ ಮೊದಲೇ ಗೊತ್ತಿರಬೇಕು. ಸೆಪ್ಸಿಸ್‌ಗೆ ಅಂಥ ಅಂತಿಮ ಪರೀಕ್ಷೆ ಇಲ್ಲ. ಇಬ್ಬರು ಮೂವರು ತಜ್ಞರು ಪೂರ್ತಿ ಕಡತ ಓದಿ ಕೊಟ್ಟ ಅಭಿಪ್ರಾಯವೇ ಸರಿಯುತ್ತರ. ತಜ್ಞರು ತಮ್ಮತಮ್ಮಲ್ಲೇ ಒಪ್ಪದ ಪ್ರಕರಣಗಳು ಬೇಕಾದಷ್ಟಿರುತ್ತವೆ. ಅವನ್ನು ಲೆಕ್ಕದಿಂದ ಬಿಟ್ಟುಬಿಟ್ಟರೆ ಪರೀಕ್ಷೆಯ ಅಂಕ ಚೆನ್ನಾಗಿ ಕಾಣುತ್ತದೆ. ಆದರೆ ಪರೀಕ್ಷೆ ಬೇಕಾಗಿದ್ದೇ ಆ ಗೊಂದಲದ ರೋಗಿಗಳಿಗೆ. ತಜ್ಞರಿಗಿಂತ ನಿಖರವಾದ ಪರೀಕ್ಷೆಯೊಂದು ಬಂದರೂ ಈ ಪದ್ಧತಿಯಲ್ಲಿ ಅದು ತಜ್ಞರನ್ನು ಮೀರಿದಲ್ಲೆಲ್ಲ ‘ತಪ್ಪು’ ಎಂದೇ ದಾಖಲಾಗುತ್ತದೆ.

ಹಾಗಾಗಿ ಪರೀಕ್ಷೆ ಎಷ್ಟು ನಿಖರ ಎಂದು ಕೇಳುವುದಕ್ಕಿಂತ, ಅದನ್ನು ಬಳಸಿದ್ದರಿಂದ ರೋಗಿಗೆ ಏನಾಯಿತು ಎಂದು ಕೇಳುವ ಪ್ರಯೋಗಗಳೇ ಹೆಚ್ಚು ಬೆಲೆಯುಳ್ಳವು. ಬ್ರಿಟನ್ನಿನ 41 ಐಸಿಯುಗಳಲ್ಲಿ 2,760 ರೋಗಿಗಳ ಮೇಲೆ ನಡೆದ ಅಡಾಪ್ಟ್-ಸೆಪ್ಸಿಸ್ ಅಂಥದ್ದು. ಅಲ್ಲಿ ವೈದ್ಯರಿಗೆ ಅಂಕಿಯನ್ನು ತೋರಿಸಲೇ ಇಲ್ಲ. ಪ್ರತಿದಿನ ರಕ್ತ ತೆಗೆದು, ಪ್ರೊಕ್ಯಾಲ್ಸಿಟೋನಿನ್ ಅಥವಾ ಸಿಆರ್‌ಪಿ ಆಧಾರದ ಮೇಲೆ ಔಷಧಿಯ ಬಗ್ಗೆ ಒಂದು ಸಿದ್ಧ ಸಲಹೆಯನ್ನಷ್ಟೇ ಕಳಿಸುತ್ತಿದ್ದರು. ಮೂರನೆಯ ಗುಂಪಿಗೆ ಎಂದಿನ ಚಿಕಿತ್ಸೆ. ಯಾರು ಯಾವ ಗುಂಪಿನಲ್ಲಿದ್ದಾರೆಂದು ವೈದ್ಯರಿಗೆ ತಿಳಿಯದಂತೆ ಎಚ್ಚರ ವಹಿಸಿದ್ದರು. ಪ್ರೊಕ್ಯಾಲ್ಸಿಟೋನಿನ್ ಗುಂಪಿನಲ್ಲಿ ಔಷಧಿಯ ಅವಧಿ ಸರಾಸರಿ 10.7 ದಿನಗಳಿಂದ 9.8ಕ್ಕೆ ಇಳಿಯಿತು, ಸಾವು ಹೆಚ್ಚಲಿಲ್ಲ. ಸಿಆರ್‌ಪಿ ಗುಂಪಿನಲ್ಲಿ ಔಷಧಿಯ ಅವಧಿಗೆ ಯಾವ ವ್ಯತ್ಯಾಸವೂ ಆಗಲಿಲ್ಲ. ಮೂರು ದಶಕಗಳಿಂದ ಬಳಕೆಯಲ್ಲಿರುವ, ಅತಿ ಹೆಚ್ಚು ಪರೀಕ್ಷೆಗೊಳಗಾದ ಸೂಚಕ ಗಳಿಸಿಕೊಟ್ಟದ್ದು ಒಂದು ದಿನಕ್ಕೂ ತುಸು ಕಡಿಮೆ.